ಹಿತ್ತಲ ಬಾಗಿಲಲ್ಲಿ ಕೊಟ್ಟ ತೊಕ್ಕು

ಹುಲಿಗೆಮ್ಮ ಬಸುರಿಯೆಂದು ನನ್ನ ಗಂಡನಿಗೆ ಹೇಳಿದವಳು ನಾನು. ಯಾರೂ ನನ್ನ ಬಾಯಿ ಬಿಡಿಸಲಿಲ್ಲ — ರೊಟ್ಟಿ ಬಡಿಸುತ್ತ ನಾನಾಗಿಯೇ ಹೇಳಿದೆ.

ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಮಿಲ್ಲು. ಕುದಿಸಿದ ಭತ್ತವನ್ನು ಕಣದಲ್ಲಿ ಹರವಿ ಒಣಗಿಸಲು ಹೆಣ್ಣಾಳುಗಳಿದ್ದರು. ಅವರಲ್ಲಿ ಯಾರಿಗೆ ಬಯಕೆ ಶುರುವಾದರೂ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ನನ್ನ ಮಾವಿನಕಾಯಿ ತೊಕ್ಕಿಗೆ ಅಷ್ಟು ಹೆಸರು. ಬಸುರಿ ಕೇಳಿದ್ದಕ್ಕೆ ಇಲ್ಲವೆಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಮುತ್ತಲ ಎಲೆಯಲ್ಲಿ ಹಾಕಿ ಕೊಡುತ್ತಿದ್ದೆ. ಹೀಗಾಗಿ ಕೆಲವೊಮ್ಮೆ ಅವರ ಗಂಡಂದಿರಿಗಿಂತ ಮೊದಲೇ ನನಗೆ ತಿಳಿಯುತ್ತಿತ್ತು.

ಆ ವರ್ಷ ಮದರಾಸು ಸರ್ಕಾರ ಹೊಸ ಕಾಯಿದೆ ತಂದಿತು. ಆಳು ತಾನು ಬಸುರಿಯೆಂದು ಬರೆದುಕೊಟ್ಟರೆ ಹೆರಿಗೆಗೆ ಕೆಲವು ವಾರ ಬಿಡುವು ಕೊಡಬೇಕು, ಆ ದಿನಗಳ ಪಗಾರವನ್ನೂ ಮಾಲೀಕನೇ ಕೊಡಬೇಕು.

ಹುಲಿಗೆಮ್ಮ ಬಂದದ್ದು ಆಗಲೇ. “ಅವ್ವಾರ, ಒಂದೀಟು ತೊಕ್ಕು ಹಾಕ್ರಿ. ಬಾಯಿಗೆ ಏನೂ ಹತ್ತವಲ್ದು.”

“ಎಷ್ಟನೇ ತಿಂಗಳಲೇ?”

“ಮೂರ್ರೀ. ಸಾವ್ಕಾರ್ರ ಮುಂದ ಈಗ ಅನಬ್ಯಾಡ್ರಿ. ಹೋದ ಸಲ ಹಡದ ಹನ್ನೊಂದನೇ ದಿನಕ್ಕ ಕಣಕ್ಕ ಬಂದಿದ್ನಿ. ಈ ಸಲ ಕಾಯ್ದೆ ಐತಂತ — ನಾನೂ ನಿಮ್ಮಂಗ ಬಾಣಂತಿ ಆಗ್ತೀನಿ” ಎಂದು ನಕ್ಕಳು. ನಾನೂ ನಕ್ಕೆ.

ಅಂದೇ ಮಧ್ಯಾಹ್ನ ಊಟಕ್ಕೆ ಕುಳಿತ ನನ್ನವರು ಗೊಣಗಿದರು: “ಅವರು ಬರದುಕೊಟ್ರ ತಾನ ಕಾಯ್ದೆ? ಅದಕ್ಕ ಮೊದಲ ಬಿಡಿಸಿದ್ರ ಆತು. ಆದ್ರ ಯಾರು ಬಸುರಿ ಅಂತ ತಿಳೀಬೇಕಲ್ಲ.”

“ಹುಲಿಗೆಮ್ಮ ತೊಕ್ಕು ಒಯ್ದಾಳ್ರಿ” ಎಂದೆ.

ಅಷ್ಟೇ. ಅಷ್ಟು ಸಾಕೆಂದು ನನಗೆ ಗೊತ್ತಿತ್ತು. ಯಾಕೆ ಹೇಳಿದೆ? ಮಿಲ್ಲಿನ ಮಾತನ್ನು ಎಂದೂ ನನ್ನೆದುರು ಆಡದ ಮನುಷ್ಯ ಅಂದು ತುತ್ತು ಹಿಡಿದ ಕೈಯನ್ನು ತಡೆದು ನನ್ನ ಮುಖ ನೋಡಿದರು — ಆ ನೋಟ ನನಗೆ ಹಿತವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ನನ್ನಲ್ಲಿ ಸಿಕ್ಕಿಲ್ಲ.

ಸೋಮವಾರ ಅವಳಿಗೆ ಕೆಲಸವಿಲ್ಲವೆಂದರು. ಮುಂದೆ ಒಂದು ದಿನ, ಗಾಡಿಯಲ್ಲಿ ಹೊಳೆಗೆ ಹೋಗುವಾಗ ದಾರಿಯಲ್ಲಿ ಕಂಡಳು. ತಲೆಗೆ ಬಾಣಂತಿಯ ಬಟ್ಟೆ ಕಟ್ಟಿಕೊಂಡು ಯಾರದೋ ಕಬ್ಬಿನ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಕೂಸು ಬದುವಿನ ಮೇಲೆ. ನಾನು ಗಾಡಿಯ ಪರದೆ ಎಳೆದುಕೊಂಡೆ.

ಆಮೇಲೆ ಹಿತ್ತಲಿಗೆ ಯಾರೂ ಬರಲಿಲ್ಲ. ಗಂಗವ್ವನೆಂಬ ಆಳು ಹೊಟ್ಟೆ ಕಾಣದಂತೆ ಸೀರೆ ಬಿಗಿದು ಕಣದಲ್ಲಿ ದುಡಿಯುತ್ತಿದ್ದಳು. ನಾನೇ ಕರೆದು ತೊಕ್ಕು ಕೊಡಹೋದೆ. “ಬ್ಯಾಡ್ರಿ ಅವ್ವಾರ. ನಿಮ್ಮನಿ ತೊಕ್ಕು ಭಾಳ ತುಟ್ಟಿ” ಎಂದು ಕೇರುವ ಮೊರದತ್ತ ತಿರುಗಿದಳು. ಅಂದರೆ — ಎಲ್ಲರಿಗೂ ಗೊತ್ತಿತ್ತು.

ಮೊನ್ನೆ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬಂದವಳೇ ತೊಕ್ಕು ಕೇಳಿದಳು. ಕೊಟ್ಟೆ. ಭರಣಿಯ ಬಾಯಿ ಕಟ್ಟುವುದು ಮರೆತೇ ಹೋಯಿತು.

ಹುಲಿಗೆಮ್ಮನ ಮನೆ ಇದೇ ಊರಲ್ಲಿ, ಕೋಟೆಯ ಆಚೆ ಇದೆ. ನಾಳೆ ಬೆಳಿಗ್ಗೆ ಹೋಗುತ್ತೇನೆ. ಕೈಯಲ್ಲಿ ಏನೂ ಒಯ್ಯುವುದಿಲ್ಲ. ಹೇಳಿದವಳು ನಾನೇ ಎಂದು ಅವಳ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಅವಳು ಏನಂದರೂ ಕೇಳಿಕೊಂಡು ಬರುತ್ತೇನೆ.