ಗಂಗವ್ವನ ‘ಹೌದ್ರಿ’

ಬ್ಯಾಡಗಿ ನಿಲ್ದಾಣದಲ್ಲಿ ರೈಲಿಳಿದ ಕೂಡಲೇ ನಾನು ಅತ್ತೆ. ದುಃಖಕ್ಕಲ್ಲ, ಮೆಣಸಿನಕಾಯಿಯ ಘಾಟಿಗೆ. ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಸಾರಿನಪುಡಿಗೆಂದು ಹಿಡಿಯಷ್ಟು ಹುರಿಯುತ್ತಿದ್ದ ಕಾಯಿ ಇಲ್ಲಿನ ಮಾರುಕಟ್ಟೆಯಲ್ಲಿ ಗುಡ್ಡಗುಡ್ಡವಾಗಿ ಬಿದ್ದಿತ್ತು. ಸಾಮಾನು ಹೊತ್ತಿದ್ದ ಹಮಾಲ ನಕ್ಕ. “ಎಂಟು ದಿನ ತಡೀರಿ ಅಕ್ಕಾರ, ಆಮ್ಯಾಲ ಈ ವಾಸನಿ ಇಲ್ದಿದ್ರ ನಿದ್ದಿ ಬರೂದಿಲ್ಲ.”

ಗಂಡನಿಗೆ ಬ್ಯಾಂಕಿನ ವರ್ಗಾವಣೆ. ಮೈಸೂರಿನಲ್ಲಿ ವ್ಯಾಪಾರದ ಕರಾರುಗಳ ವಕೀಲಿಕೆ ಮಾಡುತ್ತಿದ್ದ ನಾನೂ ಕಪ್ಪು ಕೋಟು ಮಡಚಿಕೊಂಡು ಬಂದಿದ್ದೆ. ಮನೆ ಬೇಗ ಸಿಕ್ಕಿತು, ಮಾತು ಸಿಗಲಿಲ್ಲ. ಅದೇ ಕನ್ನಡ, ಆದರೂ ‘ಲಗೂ ಬರ್ರಿ’ ಎಂದರೆ ‘ಬೇಗ ಬನ್ನಿ’ ಎಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತಿತ್ತು. ನಾನು ಬಾಯಿ ತೆರೆದರೆ ಅಂಗಡಿಯವರು ತಲೆ ಎತ್ತಿ ನೋಡುತ್ತಿದ್ದರು.

ಎರಡನೇ ವರ್ಷ ಕೋಲ್ಡ್ ಸ್ಟೋರೇಜಿನ ಮಾಲೀಕರೊಬ್ಬರು ತಮ್ಮ ಪರವಾಗಿ ವಾದಿಸಲು ಮೊಕದ್ದಮೆಯೊಂದನ್ನು ನನಗೆ ಒಪ್ಪಿಸಿದರು. ಅವರಲ್ಲಿ ಯಂತ್ರ ಕೆಟ್ಟು, ಕರ್ಜಗಿಯ ಗಂಗವ್ವ ಎಂಬಾಕೆ ಇಟ್ಟಿದ್ದ ಮೂರು ಚೀಲ ಮೆಣಸಿನಕಾಯಿಗೆ ಬೂಷ್ಟು ಹಿಡಿದಿತ್ತು; ಪರಿಹಾರ ಕೇಳಿ ಆಕೆ ದಾವೆ ಹೂಡಿದ್ದಳು. ಅದು ಮಾರುವ ಮಾಲಲ್ಲ, ಬೀಜದ್ದು. ಅತ್ತೆಯ ಕಾಲದಿಂದ ಗಿಡ ನೋಡಿ, ಕಾಯಿ ಆರಿಸಿ ಉಳಿಸಿಕೊಂಡು ಬಂದ ತಳಿ. ಆದರೆ ‘ಹಾನಿಗೆ ನಾವು ಹೊಣೆಯಲ್ಲ’ ಎಂದು ಅಚ್ಚಾದ ಇಂಗ್ಲಿಷ್ ಕಾಗದದ ಮೇಲೆ ಆಕೆಯ ಸಹಿ ಇತ್ತು.

ಹಾವೇರಿಯ ನ್ಯಾಯಾಲಯದಲ್ಲಿ ಆಕೆಯನ್ನು ಕೇಳಿದೆ: “ಇದನ್ನು ಓದಿ, ತಿಳಿದುಕೊಂಡೇ ಸಹಿ ಮಾಡಿದ್ದೀರಿ, ಅಲ್ಲವೇ?”

ಆಕೆ ಸೆರಗು ಸರಿಪಡಿಸಿಕೊಂಡು, “ಹೌದ್ರಿ” ಎಂದಳು.

ನಾವು ಗೆದ್ದೆವು. ಈ ಸೀಮೆಯಲ್ಲಿ ಹಿರಿಯರು, ಓದಿದವರು ಏನಾದರೂ ಹೇಳಿದರೆ ಮರ್ಯಾದೆಗೆ ‘ಹೌದ್ರಿ’ ಅನ್ನುತ್ತಾರೆ. ‘ನಿಮ್ಮ ಮಾತು ಕೇಳಿಸಿತು’ ಎಂಬಷ್ಟೇ ಅರ್ಥ. ಅದು ನನಗಾಗ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು.

ಆಮೇಲೆ ವಕೀಲಿಕೆಯ ಜೊತೆಗೇ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕರಾರು ಕಾಯ್ದೆ ಕಲಿಸಲು ಹೋದೆ. ಒಂದು ದಿನ ಹೆಸರು ಮರೆಸಿ ಈ ಮೊಕದ್ದಮೆಯನ್ನೇ ಉದಾಹರಣೆಗೆ ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಆಕಿಗೆ ಇಂಗ್ಲಿಷ್ ಬರ್ತಿತ್ತೇನ್ರಿ?”

ಹಲಗೆಯ ಕಡೆ ತಿರುಗಿ ಮುಂದಿನ ಪಾಠದ ಹೆಸರು ಬರೆದೆ. ಅಂದಿನಿಂದ ಪಾಠದ ನಡುವೆ, ಬಸ್ಸಿನಲ್ಲಿ, ಅನ್ನ ಬಸಿಯುವಾಗ ಗಂಗವ್ವನ ಆ ‘ಹೌದ್ರಿ’ ಕಿವಿಯಲ್ಲಿ ಕೇಳಿಸತೊಡಗಿತು. ನನ್ನ ಹೆಸರು ಹಿಡಿದು ಕರೆದಂತೆ.

ಭಾನುವಾರ ಕರ್ಜಗಿಗೆ ಹೋದೆ. ಗಂಗವ್ವ ಗುರುತು ಹಿಡಿದಳು, ಚಾಪೆ ಹಾಸಿದಳು, ಚಹಾ ಕೊಟ್ಟಳು. ಬೈಯಲಿಲ್ಲ. ನಾನು ಬಂದದ್ದು ಕ್ಷಮೆ ಕೇಳಲು. ಅದಕ್ಕೆ ಮೊದಲೇ ಆಕೆ ಕೇಳಿದಳು: “ಆ ಕಾಗದದಾಗ ಏನ್ ಬರದಿತ್ರೀ ಅಕ್ಕಾರ? ನಮ್ಮ ವಕೀಲರೂ ಹೇಳಲಿಲ್ಲ.”

ಹೇಳಿದೆ. ಮೂರೇ ವಾಕ್ಯ.

“ಇಷ್ಟ ಏನು?” ಎಂದಳು. “ಇಷ್ಟು ಮಾತು ಯಾರರ ಮೊದ್ಲ ಹೇಳಿದ್ರ, ನಮ್ಮತ್ತಿ ಬೀಜ ನಾ ಅಲ್ಲಿ ಇಡ್ತಿರಲಿಲ್ರಿ.”

ಆ ವರ್ಷ ಆಕೆ ಪೇಟೆಯ ಬೀಜ ತಂದು ಬಿತ್ತಿದ್ದಳು.

ಆ ಕಾಗದ ಕನ್ನಡದಲ್ಲಿ ಇರಬೇಕೆಂದು ಮಾಲೀಕರಿಗೆ ಹೇಳಿದೆ. ಅವರು ಬೇರೆ ವಕೀಲರನ್ನು ನೋಡಿಕೊಂಡರು. ಮುಂದಿನ ಮಾರುಕಟ್ಟೆಯ ದಿನ ನಾನು ಬ್ಯಾಡಗಿಯ ಮಾರುಕಟ್ಟೆಯಲ್ಲೇ ಒಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂತೆ. ಯಾರಾದರೂ ಕಾಗದ ತರಲಿ, ಓದಿ ಹೇಳುತ್ತೇನೆ, ಸಹಿ ಆಮೇಲೆ. ಮೊದಲ ದಿನ ಯಾರೂ ಬರಲಿಲ್ಲ. ಈಗ ಕಾಯುವವರ ಸಾಲು ನೆರಳು ದಾಟಿ ಬಿಸಿಲಿಗೆ ಹೋಗುತ್ತದೆ. ಕಾಲೇಜಿನ ಆ ಹುಡುಗಿಯೂ ಪಕ್ಕದಲ್ಲಿ ಕೂತು ಓದುತ್ತಾಳೆ.

ಗಂಡ ಮೈಸೂರಿಗೆ ಮರಳಿ ಎರಡು ವರ್ಷವಾಯಿತು. “ಯಾವಾಗ ಬರ್ತೀಯಾ?” ಎಂದು ಫೋನಿನಲ್ಲಿ ಕೇಳುತ್ತಾರೆ. “ಈ ಸುಗ್ಗಿ ಮುಗೀಲಿ” ಅನ್ನುತ್ತೇನೆ. ಊರಿಗೆ ಹೋದರೆ, ನಿನ್ನ ಮಾತೇ ಬದಲಾಗಿದೆ ಎಂದು ಅಮ್ಮ ಮುಖ ನೋಡುತ್ತಾಳೆ. ಇಲ್ಲಿ ಮರದಡಿ ನಾನಿನ್ನೂ ‘ಮೈಸೂರ ವಕೀಲಬಾಯಿ’. ಕರ್ಜಗಿ ಕಡೆಯ ಜನ ಬಂದಾಗಲೆಲ್ಲ ತಲೆ ಎತ್ತಿ ನೋಡುತ್ತೇನೆ. ಗಂಗವ್ವ ಬಂದು, ಓದಿ ಹೇಳ್ರಿ ಎಂದು ಒಂದು ಕಾಗದ ಕೈಗಿಟ್ಟರೆ, ಋಣ ತೀರಿತೆಂದು ಅಂದೇ ಮೈಸೂರಿಗೆ ಹೊರಡಬಹುದು ಅನ್ನಿಸುತ್ತದೆ. ಆಕೆ ಈವರೆಗೆ ಬಂದಿಲ್ಲ. ಬರಲಿ ಎಂದು ಕಾಯುತ್ತಿದ್ದೇನೋ, ಬಾರದಿರಲಿ ಎಂದೋ, ನನಗೇ ತಿಳಿಯದು.