ಚಿಗರಿ ಲೆಕ್ಕದ ವೀರಬಸಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಹಿಂಬದಿಯಲ್ಲಿ ನೇತುಬಿಟ್ಟ ತಕ್ಕಡಿಯ ಕೊಕ್ಕೆ ಮಂಜುಗಟ್ಟಿ ಹೋಗಿದೆ. ವೀರಬಸಮ್ಮ ಕೆಟಲಿನಲ್ಲಿ ಬಿಸಿನೀರು ತಂದು ಅದರ ಮೇಲೆ ಸುರಿಯುತ್ತಾರೆ, ಕೊಕ್ಕೆಯನ್ನು ಜಗ್ಗಿ ನೋಡುತ್ತಾರೆ, ಒಳಗೆ ಹೋಗಿ ಕಾಫಿ ಮಷಿನ್ ಹಚ್ಚುತ್ತಾರೆ. ದಪ್ಪ ಪ್ಯಾಂಟು, ಒಂದರ ಮೇಲೊಂದು ಸ್ವೆಟರು, ಮೊಣಕಾಲುದ್ದದ ರಬ್ಬರ್ ಬೂಟು, ಹಣೆಯ ಮೇಲೆ ಢಾಳಾಗಿ ವಿಭೂತಿ. ನ್ಯೂಜೆರ್ಸಿಯ ಇನ್ನೊಂದು ಊರು ಹ್ಯಾರಿಸನ್‌ನಿಂದ ಕತ್ತಲಲ್ಲೇ ಡ್ರೈವ್ ಮಾಡಿಕೊಂಡು ಬಂದಿರುವ ನಾನು ಹೀಟರ್ ಪಕ್ಕ ನಿಂತು ನಡುಗುತ್ತಿದ್ದೇನೆ. ಅವರಿಗೆ ನನ್ನನ್ನು ನೋಡಿ ನಗು.

“ಕುಂದರ್ರಿ, ಕಾಫಿ ಕುಡೀರಿ. ಮಂದಿ ಬರೂದು ಇನ್ನಾ ತಡ ಐತಿ. ಒಮ್ಮಿ ಬರಾಕ ಹತ್ತಿದ್ರ ನಿಮ್ ಕೂಡ ಮಾತಾಡಾಕ ನನಗ ಪುರಸೊತ್ತು ಸಿಗಂಗಿಲ್ಲ.”

ಮೊದಲ ಪಿಕಪ್ ಟ್ರಕ್ ಬರುವ ಹೊತ್ತಿಗೆ ಬಿಸಿಲು ಬಿದ್ದಿದೆ. ಹಿಂದೆ ಒಂದು ಜಿಂಕೆ ಕಾಲು ಚಾಚಿ ಮಲಗಿದೆ. ವೀರಬಸಮ್ಮ ಕೈಗವಸು ಹಾಕಿಕೊಂಡು ಅದರ ಎರಡು ಕಿವಿಗಳ ನಡುವೆ ಬೆರಳಾಡಿಸುತ್ತಾರೆ. ಗಂಡು ಮರಿಯಾದರೆ ಕೊಂಬಿನ ಮೊಳಕೆ ಇನ್ನೂ ಚರ್ಮದೊಳಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಮೊಳಕೆಯಿಲ್ಲ, ಹೆಣ್ಣು. ಬೇಟೆಗಾರನ ಲೈಸೆನ್ಸ್ ನೋಡುತ್ತಾರೆ, ಯಾವ ಕಾಡು ಎಂದು ಕೇಳುತ್ತಾರೆ, ತೂಕ ಹಾಕುತ್ತಾರೆ, ಕಾಲಿಗೆ ಮುದ್ರೆಯ ಪಟ್ಟಿ ಬಿಗಿಯುತ್ತಾರೆ. “ಥ್ಯಾಂಕ್ಯೂ, ವೀರಾ” ಎಂದು ಅವನು ಹೊರಡುತ್ತಾನೆ. ವೀರಬಸಮ್ಮ ಎಂದು ಇಲ್ಲಿ ಯಾರೂ ಪೂರ್ತಿ ಕರೆಯುವುದಿಲ್ಲ, ನಾಲಿಗೆ ಹೊರಳಬೇಕಲ್ಲ.

ಇದು ಜಿಂಕೆ ತಪಾಸಣೆ ಠಾಣೆ. ಠಾಣೆ ಎಂದರೆ ಖಾಕಿ, ಬಾವುಟ ಏನೂ ಇಲ್ಲ. ಹಾಲು, ಬ್ರೆಡ್ಡು, ಲಾಟರಿ ಟಿಕೆಟ್, ಮೀನಿನ ಗಾಳ ಮಾರುವ ರಸ್ತೆಬದಿಯ ಅಂಗಡಿ ಅಷ್ಟೆ. ಈಸ್ಟ್ ಬ್ರನ್ಸ್‌ವಿಕ್ ದಾಟಿ ದಕ್ಷಿಣಕ್ಕೆ ಹೋದರೆ, ಹೊಸ ಮನೆಗಳ ಸಾಲು ಮುಗಿದು ಮರಗಳು ಶುರುವಾಗುವ ಕಡೆ ಇದೆ. ಬೇಟೆಯ ದಿನಗಳಲ್ಲಿ ಸುತ್ತಲಿನ ಕಾಡಿನಲ್ಲಿ ಹೊಡೆದ ಪ್ರತಿ ಜಿಂಕೆಯೂ ಇಂಥದೊಂದು ಕಡೆ ಬಂದು ಲೆಕ್ಕಕ್ಕೆ ಸೇರಬೇಕು. ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು ಎಂಬುದರ ಮೇಲೆ ಮುಂದಿನ ವರ್ಷ ಒಬ್ಬೊಬ್ಬರು ಎಷ್ಟು ಹೊಡೆಯಬಹುದು ಎಂದು ಸರ್ಕಾರ ತೀರ್ಮಾನಿಸುತ್ತದೆ. ಜೋರು ಬೇಟೆಯ ದಿನ ಐವತ್ತು, ಅರವತ್ತು ಜಿಂಕೆ ಈ ಕೈಗಳ ಕೆಳಗೆ ಹಾದುಹೋಗುತ್ತವೆ.

ನಮ್ಮವರಿಗೆ ಇದು ಗೊತ್ತೇ ಇಲ್ಲ. ನಮಗೆ ಜಿಂಕೆ ಎಂದರೆ ಸಂಜೆ ಮನೆ ಹಿಂದೆ ಬಂದು ನಿಲ್ಲುವ ಮುದ್ದು ಪ್ರಾಣಿ, ಊರಿಗೆ ಕಳಿಸಲು ಒಳ್ಳೆಯ ಫೋಟೊ. ಅದೇ ಜಿಂಕೆ ಟೊಮೆಟೊ ಗಿಡ ಬೋಳಿಸಿದಾಗ, ಹೊಸ ಕ್ಯಾಮ್ರಿ ಕಾರಿಗೆ ಎದುರಾಗಿ ಬಂದು ಬಾನೆಟ್ ಜಜ್ಜಿದಾಗ ಮಾತ್ರ “ಏನ್ರೀ ಇವು, ಯಾರೂ ಕಂಟ್ರೋಲ್ ಮಾಡಲ್ವಾ?” ಅನ್ನುತ್ತೇವೆ. ಕಂಟ್ರೋಲ್ ಮಾಡುವವರಲ್ಲಿ ಒಬ್ಬರು ವಿಭೂತಿ ಹಚ್ಚಿಕೊಂಡು ಇಲ್ಲಿ ನಿಂತಿದ್ದಾರೆ.

ವೀರಬಸಮ್ಮನವರಿಗೆ ಈ ಪ್ರಾಣಿಯ ಕಾಟ ಹೊಸದಲ್ಲ. ಅವರ ಊರು ರಾಣೆಬೆನ್ನೂರಿನ ಮಗ್ಗುಲು, ಕೃಷ್ಣಮೃಗಗಳ ಸೀಮೆ. ಅಲ್ಲಿ ಅದಕ್ಕೆ ಚಿಗರಿ ಅನ್ನುತ್ತಾರೆ. ಕೊಂಬು ಬೇರೆ, ಬಣ್ಣ ಬೇರೆಯಾದರೂ ಅಮೆರಿಕದ ಜಿಂಕೆಯೂ ಅವರ ಬಾಯಲ್ಲಿ ಚಿಗರಿಯೇ.

“ನಮ್ಮಪ್ಪ ಶೇಂಗಾ ಬಿತ್ತಿದ್ರ ರಾತ್ರಿ ಬಂದು ಮೇಯ್ತಿದ್ವು. ಹೊಡ್ಯಾಂಗಿಲ್ಲ, ಬಡ್ಯಾಂಗಿಲ್ಲ, ಡಬ್ಬಿ ಬಾರಿಸ್ಕೊಂತ ಕುಂದರೂದು. ನೋಡಾಕ ಭಾಳ ಛಂದ ಇರ್ತಾವ್ರಿ, ಆದ್ರ ಸಿಟ್ಟು ಬರೂದೂ ಅವುಗಳ ಮ್ಯಾಲನ. ಇಲ್ಲಿ ಹುಲಿ ಇಲ್ಲ, ತೋಳ ಇಲ್ಲ. ಯಾರೂ ತಿನ್ನಾವ್ರಿಲ್ಲ ಅಂದ್ರ ಅವು ಕಾಡಿನ ಸಸಿ ಎಲ್ಲಾ ತಿಂದು, ಕಡೀಕ ತಾವೂ ಹಸಿದು ಸಾಯ್ತಾವು. ಬರೇ ಗಂಡು ಹೊಡದ್ರ ಹಿಂಡು ಕಡಿಮಿ ಆಗಂಗಿಲ್ಲ. ಅದಕ್ಕ ಈ ಜನವರಿಯೊಳಗ ಹೆಣ್ಣಿಗೆ ಬ್ಯಾರೆ ಪರ್ಮಿಟ್ ಕೊಡ್ತಾರ.”

ಗಂಡ ಬಸವಲಿಂಗಪ್ಪ ಲೇತ್ ಕೆಲಸಗಾರ. ಮೊದಲೇ ಇಲ್ಲಿದ್ದ ಅವರಣ್ಣ ಗ್ರೀನ್‌ಕಾರ್ಡ್ ಮಾಡಿಸಿ ಇಬ್ಬರನ್ನೂ ಕರೆಸಿಕೊಂಡ. ಇಲ್ಲಿನ ವರ್ಕ್‌ಶಾಪಿನಲ್ಲಿ ಎರಡನೇ ಚಳಿಗಾಲಕ್ಕೇ ಬಲಗೈ ಮಷಿನ್‌ಗೆ ಸಿಕ್ಕಿತು. ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಊರಿನಲ್ಲಿ ಮನೆ ಬಿಟ್ಟು ಹೊರಗೆ ದುಡಿಯದ ವೀರಬಸಮ್ಮ ಆಗ ಈ ಅಂಗಡಿ ಸೇರಿದರು. ನವೆಂಬರ್ ಬಂದು ಮೊದಲ ಜಿಂಕೆ ಕಂಡಾಗಲೇ ಕೆಲಸದ ಇನ್ನೊಂದು ಮುಖ ಗೊತ್ತಾದದ್ದು.

“ಅವತ್ತು ಹಿಂದ ಹೋಗಿ ವಾಂತಿ ಮಾಡಿದೆ. ಮನಿಗೆ ಹೋಗಿ ತಲಿ ಮ್ಯಾಲ ನೀರು ಹಾಕ್ಕೊಂಡು ಅತ್ತೆ. ನಾವು ತತ್ತಿ ಸೈತ ಮುಟ್ಟಾವ್ರಲ್ಲ. ನಮ್ ಮನೆಯವ್ರು ಅಂದ್ರು, ಮುಟ್ಟೂದು ಬ್ಯಾರೆ, ತಿನ್ನೂದು ಬ್ಯಾರೆ. ನೀನು ಲೆಕ್ಕಾ ಮಾಡ್ತಿ, ಅಷ್ಟ. ಮರುದಿನ ಹೋದೆ.”

ಆದರೂ ನಮ್ಮ ದೇಶದ ಅಂಗಡಿಗಳ ಸಾಲಿರುವ ಐಸೆಲಿನ್‌ಗೆ ಸಾಮಾನು ತರಲು ಹೋದಾಗ ಯಾರಾದರೂ “ಎಲ್ಲಿ ಕೆಲಸ ಆಂಟಿ?” ಎಂದರೆ “ಅಂಗಡ್ಯಾಗ” ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಒಂದು ಸಲ ಪೂರ್ತಿ ಹೇಳಿದ್ದಕ್ಕೆ ಎದುರಿದ್ದಾಕೆ ಕೊತ್ತಂಬರಿ ಕಟ್ಟು ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳಂತೆ. ಇದನ್ನು ಕೇಳಿ ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ.

ಈಗ ಕಳೆದ ಕಾರ್ತಿಕದ ಕಡೇ ಸೋಮವಾರದ ಕಥೆ. ಅದಕ್ಕಾಗಿಯೇ ನಾನು ಇವರನ್ನು ಹುಡುಕಿಕೊಂಡು ಬಂದದ್ದು.

ತುಮಕೂರು ಕಡೆಯ ನಿವೃತ್ತ ಹೆಡ್‌ಮಾಸ್ಟರ್ ಬೋರಲಿಂಗಯ್ಯ, ಹೆಂಡತಿ ಲಕ್ಷ್ಮಮ್ಮ ಮಗನ ಮನೆಗೆಂದು ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದಿದ್ದರು. ಮಗ ನವನೀತ್‌ಗೆ ಆಗ ವೈಟುಕೆ ಕೆಲಸ. ಇಸವಿ ಎರಡು ಸಾವಿರ ಆದ ಕೂಡಲೇ ಕಂಪ್ಯೂಟರೆಲ್ಲ ಕೆಟ್ಟು ಬ್ಯಾಂಕು, ವಿಮಾನ ನಿಂತುಹೋಗುತ್ತವೆ ಎಂದು ಇಡೀ ಲೋಕ ಹೆದರಿದ್ದ ಕಾಲ. (ಏನೂ ಆಗಲಿಲ್ಲ ಎಂಬುದು ಈಗ ನಮಗೆ ಗೊತ್ತು.) ಮಗ ಸೊಸೆ ಇಬ್ಬರೂ ಆಫೀಸಿನಲ್ಲೇ ಬೀಡುಬಿಟ್ಟಿರುವಾಗ ಹಿರಿಯರಿಗೆ ಬೇಜಾರು. ಕಾರ್ತಿಕ ಮುಗಿಯುತ್ತ ಬಂತು, ವನಭೋಜನ ಆಗಲಿಲ್ಲ ಎಂದು ಲಕ್ಷ್ಮಮ್ಮ ಕೊರಗಿದರು. ಹಾಗೇ ಮಕ್ಕಳ ಮನೆಗೆ ಬಂದಿದ್ದ ಇನ್ನೆರಡು ಹಿರಿಯ ಜೋಡಿ ಸೇರಿತು. ಪ್ರಾಜೆಕ್ಟ್ ಸಿಗದೆ ಕಂಪನಿಯ ಬೆಂಚಿನ ಮೇಲಿದ್ದ ಸುಬ್ಬು ವ್ಯಾನ್ ಓಡಿಸಲು ಒಪ್ಪಿದ. ಮೊಮ್ಮಗಳು, ನಾಲ್ಕು ವರ್ಷದ ನಿಧಿಯನ್ನೂ ಕರೆದುಕೊಂಡರು. ವನಭೋಜನ ಆಗಬೇಕಾದದ್ದು ನೆಲ್ಲಿಮರದ ಕೆಳಗೆ. ನ್ಯೂಜೆರ್ಸಿಯಲ್ಲಿ ನೆಲ್ಲಿಮರ ಎಲ್ಲಿ? ಐಸೆಲಿನ್‌ನಿಂದ ತಂದ ಫ್ರೋಜನ್ ನೆಲ್ಲಿಕಾಯಿಯನ್ನು ದಾರ ಕಟ್ಟಿ ಯಾವುದಾದರೂ ಓಕ್ ಮರಕ್ಕೆ ತೂಗುಹಾಕುವುದು ಎಂದು ಬೋರಲಿಂಗಯ್ಯನವರೇ ಶಾಸ್ತ್ರ ಹೇಳಿದರು.

ಆ ಸೋಮವಾರವೇ ಬಂದೂಕಿನ ಬೇಟೆಯ ಮೊದಲ ದಿನ. ವರ್ಷದಲ್ಲಿ ಕಾಡಿಗೆ ಅತಿ ಹೆಚ್ಚು ಬಂದೂಕು ನುಗ್ಗುವ ವಾರ ಅದು.

ದಾರಿಯಲ್ಲಿ ಬೆಂಕಿಪೊಟ್ಟಣಕ್ಕೆಂದು ವ್ಯಾನ್ ಇದೇ ಅಂಗಡಿಯ ಮುಂದೆ ನಿಂತಿತು. ಒಳಗೆ ಬಂದ ಬೋರಲಿಂಗಯ್ಯ ವಿಭೂತಿ ಕಂಡು “ಏನಮ್ಮಾ, ಕನ್ನಡದೋರಾ ನೀವು?” ಎಂದು ಹಿಗ್ಗಿದರು. ಕೌಂಟರಿನ ಮುಂದೆ ಬೇಟೆಗಾರರ ಸಾಲು. ಗೋಡೆಯ ಮೇಲೆ ಸರ್ಕಾರದ ಪೋಸ್ಟರ್: ಬ್ಯಾಗ್ ಲಿಮಿಟ್, ಎರಡು. ಒಬ್ಬರು ಎರಡು ಜಿಂಕೆ ಹೊಡೆಯಬಹುದು ಎಂದು ಅದರ ಅರ್ಥ. ಮುಂದಿನ ತಿಂಗಳು ವಿಮಾನ ಹತ್ತಬೇಕಿದ್ದ ಹೆಡ್‌ಮಾಸ್ಟರ್ ಅದನ್ನು ಓದಿ ಗಾಬರಿಯಾದರು.

“ಇಲ್ಲೂ ಎರಡೇ ಬ್ಯಾಗೇನಮ್ಮಾ? ನಮ್ಮದು ಆಗಲೇ ಮೂರಾಗಿದೆಯಲ್ಲ!”

ವೀರಬಸಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ, ಸಾಲಿನ ಗಡಿಬಿಡಿಯಲ್ಲಿ, ಹೆಡ್‌ಮಾಸ್ಟರ್ ಮುಂದೆ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. “ಕಡೇ ಸೋಮವಾರ ಅಲ್ವೇ, ಇಲ್ಲೇ ಕಾಡಲ್ಲಿ ಊಟ ಇಟ್ಕೊಂಡಿದೀವಿ. ನೀವೂ ಬರಬಹುದಿತ್ತು.” ಬೆಂಕಿಪೊಟ್ಟಣ ಕೊಟ್ಟರು, ವ್ಯಾನ್ ಹೋಯಿತು.

“ಒಂದು ಗಂಡಿನ ಬಾಲ ಎತ್ತಿ ನೋಡಾಕತ್ತಿದ್ದೆ. ಒಳಗ ಬೆಳ್ಳಗ ಇತ್ತು. ಇಲ್ಲಿ ಚಿಗರಿಗೆ ಬಾಲದ ಕೆಳಗ ಬಿಳೀದು ಇರತೈತಿ, ಓಡೂವಾಗ ಅದನ್ನ ಎತ್ತತಾವು. ಬೇಟೆಗಾರ್ರು ಆ ಬಿಳೀದನ್ನ ಹುಡುಕ್ತಿರ್ತಾರ. ಆವಾಗ ನೆನಪಾತು ನೋಡ್ರಿ, ಆ ಹಿರ್ಯಾರು ಬಿಳೇ ಪಂಚೆ, ಬಿಳೇ ಶಾಲು, ತಲಿ ಮ್ಯಾಲ ಕಂದು ಮಂಕಿ ಕ್ಯಾಪು! ಅವ್ರು ಊಟಕ್ಕ ಹೊಂಟಿದ್ದೂ ಆ ಕಾಡಿಗೇ!”

ಆ ದಿನ ಠಾಣೆ ಬಿಟ್ಟು ಕದಲುವಂತಿಲ್ಲ, ಮಾಲೀಕ ಊರಲ್ಲಿಲ್ಲ, ಇವರಿಗೆ ಡ್ರೈವಿಂಗ್ ಬರುವುದಿಲ್ಲ. ಆದರೂ, ಜಿಂಕೆಯಲ್ಲ ಮನುಷ್ಯರು ಎಂದು ದೂರಕ್ಕೇ ತಿಳಿಯಲೆಂದು ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಅಂಗಿಗಳನ್ನು ಮಾರಾಟಕ್ಕಿಟ್ಟಿದ್ದ ಪೆಟ್ಟಿಗೆ ಎತ್ತಿಕೊಂಡು, ಸಾಲಿನಲ್ಲಿದ್ದ ವಾಲ್ಟ್ ಎಂಬ ಹಳೆಯ ಬೇಟೆಗಾರನ ತೋಳು ಹಿಡಿದು “ಡ್ರೈವ್, ವಾಲ್ಟ್, ಡ್ರೈವ್!” ಎಂದರು. ಹೊರಗೆ ಅವನ ಟ್ರಕ್ಕಿನ ಹಿಂದೆ ಸತ್ತ ಗಂಡು ಜಿಂಕೆ. ಅದರ ಸಮೇತ ವನಭೋಜನಕ್ಕೆ ಹೊರಟರು. ಉಳಿದವರು ಅಂಗಡಿಯಲ್ಲೇ ಕಾದರು.

ವ್ಯಾನ್ ಕಾಡಿನ ಗೇಟಿನ ಹತ್ತಿರವೇ ಸಿಕ್ಕಿತು. ಸುಬ್ಬು ಈಗಲೂ ಅದನ್ನು ನೆನೆದು ಬೆವರುತ್ತಾನೆ. “ಬೇಟೆ ಇದೆ ಅಂತ ದೊಡ್ಡ ಬೋರ್ಡೇ ಇತ್ತು ಸಾರ್. ನಾನು ನೋ ಹಂಟಿಂಗ್ ಅಂತ ಓದ್ಕೊಂಡೆ. ಆ ನೋ ಎಲ್ಲಿಂದ ಬಂತೋ ದೇವರಿಗೇ ಗೊತ್ತು.”

ಓಕ್ ಮರಕ್ಕೆ ನೆಲ್ಲಿಕಾಯಿ ಕಟ್ಟಿ, ಚಾಪೆ ಹಾಸಿ, ಲಕ್ಷ್ಮಮ್ಮ ಪುಳಿಯೋಗರೆಯ ಡಬ್ಬಿ ತೆರೆಯುತ್ತಿದ್ದರು. ವೀರಬಸಮ್ಮ ಓಡಿಬಂದವರೇ ಮಾತಿಲ್ಲದೆ ನಿಧಿಯ ತಲೆಯ ಮೇಲಿಂದ ಮೊದಲ ಅಂಗಿ ಇಳಿಸಿದರು. ಮಗುವಿನ ಕಂದು ಕೋಟು ಅದರೊಳಗೆ ಮುಚ್ಚಿಹೋಯಿತು. ಎಲ್ಲರಿಗೂ ಒಂದೊಂದು ತೊಡಿಸಿ ನೋಡಿದರೆ ಬೋರಲಿಂಗಯ್ಯ ಇಲ್ಲ. ಶಿವನಿಗೆ ಪತ್ರೆ ಬೇಕೆಂದು ಹಸಿರೆಲೆ ಹುಡುಕುತ್ತ ಪೊದೆಯೊಳಗೆ ಹೋಗಿದ್ದರು. ದೂರದಲ್ಲಿ ಗುಂಡಿನ ಸದ್ದಾಯಿತು. ಲಕ್ಷ್ಮಮ್ಮ ಎದ್ದು ನಿಂತರು, ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು.

ಪೊದೆಯ ಹತ್ತಿರ ಬಿಳಿ ಏನೋ ಬಗ್ಗಿತು. “ಹಿರ್ಯಾರೇ, ಅಲ್ಲೇ ನಿಲ್ರೀ! ಮಾತಾಡ್ರೀ! ಜೋರ್ ಮಾತಾಡ್ರೀ!” ಎಂದು ವೀರಬಸಮ್ಮ ಕಿರುಚುತ್ತ, ಒಂದು ಅಂಗಿಯನ್ನು ತಲೆಯ ಮೇಲೆ ಬೀಸುತ್ತ ಪೊದೆಗೆ ನುಗ್ಗಿದರು. ವಾಲ್ಟ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಹೆಡ್‌ಮಾಸ್ಟರ್ ತಲೆಯೆತ್ತಿ, ಕೈತುಂಬ ಎಲೆ ಹಿಡಿದು, “ಯಾಕಮ್ಮಾ, ಏನಾಯ್ತು?” ಎಂದರು.

ಆಚೆ ಮರದ ಮೇಲಿಂದ ಒಬ್ಬ ಬೇಟೆಗಾರ ಇಳಿದುಬಂದ. ಮೊದಲು ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. ಪೊದೆಯ ಆ ಬಿಳಿಯನ್ನು ಅವನು ಆಗಿನಿಂದ ಗುರಿಯಲ್ಲಿ ಹಿಡಿದಿದ್ದ. ಆ ವಾರ ಅಲ್ಲಿ ಕೊಂಬಿರುವ ಗಂಡಿಗಷ್ಟೇ ಅನುಮತಿ. ಕೊಂಬು ಕಾಣಲಿ ಎಂದು ಕಾಯುತ್ತಿದ್ದೆ ಎಂದ. ಮಂಕಿ ಕ್ಯಾಪಿಗೆ ಕೊಂಬಿರಲಿಲ್ಲ. ಬೇಟೆಗೊಂದು ಮಿತಿ ಇದ್ದದ್ದಕ್ಕೆ ನಮ್ಮ ಹೆಡ್‌ಮಾಸ್ಟರ್ ಉಳಿದರು.

ವೀರಬಸಮ್ಮ ಮುಂದುವರಿಸುತ್ತಾರೆ: “ಅವ್ರಿಗೆ ಅಂಗಿ ಹಾಕಿದ್ರ, ‘ಇದೇನಮ್ಮಾ, ಹೆಂಡತಿ ಎದುರಿಗೇ ಕಾವಿ ಕೊಟ್ಟುಬಿಟ್ಟೆಯಲ್ಲ’ ಅಂದ್ರು. ಎಲ್ಲಾರೂ ನಕ್ರು. ನಗೂತನಕಾ ಯಾರಿಗೂ ಉಸಿರು ಬಂದಿರಲಿಲ್ಲರಿ.”

ನೆಲ್ಲಿಕಾಯಿ ಕಟ್ಟಿದ ಮರವನ್ನು ಅಲ್ಲೇ ಬಿಟ್ಟು ಗೇಟಿನ ಹೊರಗೆ, ವ್ಯಾನಿನ ಪಕ್ಕ, ಎಲ್ಲರೂ ಕಿತ್ತಳೆ ಅಂಗಿಯಲ್ಲಿ ಸಾಲಾಗಿ ಕೂತು ಉಂಡರು. ನೋಡಿದವರಿಗೆ ಯಾವುದೋ ಮಠದ ಪಂಕ್ತಿ ಎನಿಸಬೇಕು. ವಾಲ್ಟ್ ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡ. ವೀರಬಸಮ್ಮ ದೂರ ನಿಂತಿದ್ದರು. ಜಿಂಕೆ ಮುಟ್ಟಿದ ಕೈ, ಮಡಿಯ ಅಡುಗೆ ಎಂದು ಸಂಕೋಚ. ಲಕ್ಷ್ಮಮ್ಮ ಚೊಂಬು ತಂದು, ಅವರ ಎರಡೂ ಕೈಗೆ ತಾವೇ ನೀರು ಹಾಕಿ, ತಮ್ಮ ಪಕ್ಕ ಕೂರಿಸಿಕೊಂಡು ಮೊದಲ ತುತ್ತಿಗೆ ತುಪ್ಪ ಬಡಿಸಿದರು. ಇದನ್ನು ಹೇಳುವಾಗ ವೀರಬಸಮ್ಮ ಒರೆಸಿದ ಕೌಂಟರನ್ನೇ ಮತ್ತೆ ಒರೆಸುತ್ತಾರೆ.

ಅಂಗಡಿಗೆ ಮರಳಿದಾಗ ಸಾಲು ಹಾಗೇ ಇತ್ತು, ಯಾರೂ ಗೊಣಗಲಿಲ್ಲ. ಈಗ ಐಸೆಲಿನ್‌ನಲ್ಲಿ ಯಾರಾದರೂ ಕೆಲಸ ಕೇಳಿದರೆ “ಚಿಗರಿ ಲೆಕ್ಕಾ ಮಾಡ್ತೀನ್ರಿ” ಎನ್ನುತ್ತಾರಂತೆ, ಕೊತ್ತಂಬರಿ ಆರಿಸುತ್ತಲೇ.

ಹೊರಗೆ ಇನ್ನೊಂದು ಟ್ರಕ್ ಬಂದು ನಿಲ್ಲುತ್ತದೆ. ಕೈಗವಸು ಏರಿಸಿಕೊಳ್ಳುತ್ತಿರುವವರನ್ನು ಕೇಳುತ್ತೇನೆ, ನಮ್ಮವರಿಗೆ ಏನಾದರೂ ಹೇಳಬೇಕಾ?

“ಈ ರಾಜ್ಯದಾಗ ಭಾನುವಾರ ಬಂದೂಕು ಹಾರ್ಸಾಂಗಿಲ್ಲ, ನನ್ನ ಠಾಣೆನೂ ಬಂದ್. ಮುಂದಿನ ವರ್ಷ ವನಭೋಜನ ಭಾನುವಾರ ಇಟ್ಕೊಳ್ರಿ ಅಂತ ಬರೀರಿ. ಒಂದಿನ ಮೊದಲ ಮಾಡಿದ್ರ ಶಿವ ಬ್ಯಾಡ ಅನ್ನಾಂಗಿಲ್ಲ.” ಬಾಗಿಲವರೆಗೆ ಹೋದವರು ತಿರುಗಿ ನಗುತ್ತಾರೆ. “ನನ್ನನ್ನೂ ಕರೀರಿ. ಈ ಸಲ ಓಡಿ ಬರಂಗಿಲ್ಲ, ನಡ್ಕೊಂತ ಬರ್ತೀನಿ.”