ಕಲ್ಲಿನಿಂದ ಮೇಲಿನ ಕೂವೆ

ನಮ್ಮ ಅಂಗಳದ ತುದಿಯಲ್ಲಿ ಬ್ರಿಟಿಷರ ಕಾಲದ ಗಡಿಕಲ್ಲೊಂದಿದೆ. ಅದರಿಂದ ಕೆಳಗೆ ನಾವು, ಮೇಲೆ ಸರ್ಕಾರ. ನಮ್ಮ ಕೂವೆ ಬೆಳೆಯುತ್ತಿದ್ದದ್ದು ಮಾತ್ರ ಮೇಲೆ.

ಹಾಲಾಡಿಯಿಂದ ಒಳಗೆ, ಸಿದ್ದಾಪುರದ ದಿಕ್ಕಿನ ಗುಡ್ಡದ ಬುಡದಲ್ಲಿ ನಮ್ಮ ಕುಡುಬಿಯರ ನಾಲ್ಕಾರು ಮನೆ. ಹಿಂದೆ ನಮ್ಮವರು ಗುಡ್ಡದ ಒಂದು ತುಂಡು ಸವರಿ, ಸುಟ್ಟು, ರಾಗಿ ಚೆಲ್ಲಿ, ಬೆಳೆ ತೆಗೆದ ಮೇಲೆ ಅದನ್ನು ಕಾಡಿಗೇ ಬಿಟ್ಟು ಇನ್ನೊಂದು ಕಡೆ ಹೋಗುತ್ತಿದ್ದರಂತೆ. ಕುಮರಿ ಅನ್ನುವುದು ಅದಕ್ಕೇ. ಇಂಗ್ಲಿಷರು ಕುಮರಿ ನಿಲ್ಲಿಸಿದರು, ಕಲ್ಲು ನೆಟ್ಟರು, ಒಂದು ದಿನ ಅವರೂ ಹೋದರು. ಕಲ್ಲು ಹೋಗಲಿಲ್ಲ ನೋಡಿ! ನಮ್ಮವರು ಇನ್ನೊಬ್ಬರ ಗದ್ದೆಯಲ್ಲಿ ಕೂಲಿಗೆ ನಿಂತರು. ಗುಡ್ಡದಲ್ಲಿ ಉಳಿದದ್ದು ಕೂವೆಗಡ್ಡೆಯ ಆ ತುಂಡು ಒಂದೇ. ಅದರ ಹುಡಿ ಮಾರಿಯೇ ನಾನು ಕುಂದಾಪುರದ ಕಾಲೇಜಿನ ಬಸ್ಸು ಹತ್ತಿದ್ದು.

ಅರಣ್ಯ ಹಕ್ಕಿನ ಮಾತು ಊರೆಲ್ಲ ಓಡಾಡುತ್ತಿದ್ದ ಹೊತ್ತು. ನಾವು ಕಾಡಿನ ಜನ ಹೌದೋ ಅಲ್ಲವೋ ಎಂದು ನೋಡಲು ಯಾರೋ ಬರುತ್ತಾರೆ, ಹೌದಾದರೆ ಕಲ್ಲಿನಿಂದ ಮೇಲಿನ ಜಾಗ ಕೈತಪ್ಪುವುದಿಲ್ಲ ಎಂದು ನಮ್ಮವರ ಸಭೆಯಲ್ಲಿ ಹೇಳಿದ್ದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಪ್ಪನ ಹಿಂದೆ ಮುಂದೆ ಸುತ್ತಿ ಕಲಿಸಿದ್ದೇ ಕಲಿಸಿದ್ದು. “ಕುಮರಿ ಹೇಳು, ಜೇನು ಹೇಳು, ಕೂವೆ ಹೇಳು. ಬೇರೆ ಎಂತದೂ ಬೇಡ.” ಅಪ್ಪ ಹೂಂಗುಟ್ಟಿದ.

ಅವರು ಬಂದದ್ದು ಹೋಳಿಯ ಹೊತ್ತಿಗೆ. ಜೀಪಿನಿಂದ ಮೂವರು ಇಳಿದರು. ಅಪ್ಪ ಎಲ್ಲವನ್ನೂ ಚೆಂದ ಹೇಳಿದ. ನನ್ನ ಜೀವ ಇನ್ನೇನು ಹಗುರಾಗಬೇಕು, ಕನ್ನಡಕದವರೊಬ್ಬರು ಗೋಡೆಯಲ್ಲಿದ್ದ ಗುಮಟೆ ನೋಡಿ, “ಸ್ವಲ್ಪ ಬಾರಿಸಿ” ಅಂದರು. ಆ ಮಣ್ಣಿನ ವಾದ್ಯ ಕೈಗೆ ಬಂದರೆ ನಮ್ಮಲ್ಲಿ ಮೊದಲು ಹೇಳಬೇಕಾದ್ದು ಹಿರಿಯರು ಬಂದ ದಾರಿಯ ಹಾಡು. ಅದಾಗದೆ ಬೇರೆ ಹಾಡಿಲ್ಲ. ಅಪ್ಪ ಕಣ್ಣು ಮುಚ್ಚಿ ಶುರುಮಾಡಿಯೇ ಬಿಟ್ಟ. ಹಾಡು ನಮ್ಮ ಕೊಂಕಣಿಯಲ್ಲಿ. ಅದರ ಅರ್ಥ ಕೇಳಿದರು. ನಾನು ಬಾಯಿ ಹಾಕುವುದರೊಳಗೆ ಅಪ್ಪ ಎದೆಯುಬ್ಬಿಸಿದ:

“ನಾವ್ ಗೋವೆಯಿಂದ ಬಂದವ್ರ್ ಮಾರ್ರೆ! ಪರಂಗಿಯರ ಉಪದ್ರ ತಡುಕಾಗದೆ ದೇವ್ರನ್ ಹೊತ್ಕಂಡ್ ಓಡಿ ಬಂದದ್!”

“ಓ, ಹಾಗಾದರೆ ನೀವು ಹೊರಗಿನಿಂದ ಬಂದವರು” ಅಂದರು ಅವರು, ಮೆತ್ತಗೆ. ಉಳಿದಿಬ್ಬರು ಮುಖ ಮುಖ ನೋಡಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲ, ಒಬ್ಬ ಪರಂಗಿ ಅಲ್ಲಿಂದ ಓಡಿಸಿದ, ಇನ್ನೊಬ್ಬ ಇಲ್ಲಿ ಕಲ್ಲು ನೆಟ್ಟ, ಈಗ ಓಡಿ ಬಂದದ್ದೇ ನಮ್ಮ ತಪ್ಪೋ? ಕೇಳಿಯೂ ಬಿಟ್ಟೆ. “ನಿಮ್ಮ ಸಿಟ್ಟು ಅರ್ಥವಾಗುತ್ತದೆ ತಂಗೀ” ಅಂದರು, ಚಾ ಕುಡಿದು ಹೋದರು. ನಾನು ಅಪ್ಪನ ಮೇಲೆ ಹರಿಹಾಯ್ದೆ. “ಆ ಹಾಡು ಬಿಟ್ಟರೆ ಆಗ್ತಿರಲಿಲ್ವಾ ನಿಂಗೆ?”

“ಹಿರಿಯರನ್ನು ಬಿಟ್ಟು ಬಾರಿಸುವುದಾ?” ಅಪ್ಪನಿಗೆ ನಿಜಕ್ಕೂ ನನ್ನ ಮಾತು ಅರ್ಥವಾಗಿರಲಿಲ್ಲ. ಎರಡು ದಿನ ನಾನು ಅವನೊಡನೆ ಮಾತು ಬಿಟ್ಟೆ.

ಅವರಿಂದ ಸುದ್ದಿಯೇ ಬರಲಿಲ್ಲ. ಬಸ್ಸಿನ ಹಾರನ್ ಕೇಳಿದರೂ ಎದ್ದು ಹೊರಗೆ ಬರುತ್ತಿದ್ದೆ, ಹಾಳಾದ್ದು. ಮಳೆ ಮುಗಿದ ಮೇಲೆ ಬೇರೆ ಸುದ್ದಿ ಬಂತು: ಅರಣ್ಯ ಇಲಾಖೆಯವರು ಕಲ್ಲಿನ ಗೆರೆಗೆ ಅಗಳು ತೋಡಿ, ಮೇಲೆ ಅಕೇಶಿಯಾ ನೆಡುತ್ತಾರೆ.

ಅಪ್ಪ ಹಾರೆ ಹಿಡಿದು ಗುಡ್ಡ ಹತ್ತಿದ. ಕೂವೆಯೆಲ್ಲ ಕಿತ್ತು ಅಂಗಳಕ್ಕೆ ತಂದು ಸುರಿದ. ಅಮ್ಮ ತೊಳೆದಳು, ನಾನು ಸಿಪ್ಪೆ ತೆಗೆದೆ, ಅಪ್ಪ ತುರಿದ. ತುರಿದದ್ದನ್ನು ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಹುಡಿ ಅಡಿಗೆ ಕೂತ ಮೇಲೆ ತಿಳಿ ಚೆಲ್ಲಿ ಮತ್ತೆ ನೀರು ಹೊಯ್ಯಬೇಕು. ಪ್ರತಿ ವರ್ಷ ಮೊಳಕೆಯಿರುವ ಗಡ್ಡೆಗಳನ್ನು ಆರಿಸಿ ಬದಿಗಿಡುವುದು ಅಪ್ಪನದೇ ಕೆಲಸ. ಆ ಸಲ ಅವೂ ರಾಶಿಯಲ್ಲೇ ಇದ್ದವು. ಒಂದನ್ನು ತುರಿಮಣೆಗೆ ಹಿಡಿದಾಗ ನಾನು ಅವನ ಕೈ ಹಿಡಿದೆ.

“ಅಪ್ಪಾ, ಇದು ಬೀಜದ್ದು!”

“ಎಲ್ಲಿ ನೆಡ್ತಿ?” ಅಂದ. ನಾನು ಕೈ ಬಿಟ್ಟೆ. ಅವನು ತುರಿಯತೊಡಗಿದ.